ಡಚ್ ವ್ಯಾಕ್ಸ್ ಬಟ್ಟೆಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಯಿಂಕಾ ಶೋನಿಬಾರೆ ಬಗ್ಗೆ ಒಂದು ಬರಹ ಅನುವಾದ ಮಾಡುತ್ತಿದ್ದೇನೆ, ನಾಳೆ ಸಂಜೆಗೆ ಕೊಡಬೇಕು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ನೈಜೀರಿಯಾದ ಲಾಗೋಸಿನಲ್ಲಿ ಬೆಳೆದು, ಮತ್ತೆ ಲಂಡನ್ನಿಗೆ ಬಂದ ಕಲಾವಿದರು. ತಲೆಯಿಲ್ಲದ ಬೊಂಬೆಗಳಿಗೆ ಹಳೇ ಕಾಲದ ದೊರೆ, ದೊರೆಸಾನಿಯರ ಉಡುಪು ತೊಡಿಸುತ್ತಾರೆ. ಬಟ್ಟೆ ಮಾತ್ರ ಗಾಢ ಬಣ್ಣದ ‘ಡಚ್ ವ್ಯಾಕ್ಸ್ ಪ್ರಿಂಟ್’. ಇದಕ್ಕೆ ಬಾಟಿಕ್ (ಬಣ್ಣ ಹತ್ತಬಾರದ ಕಡೆ ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿದ ಬಟ್ಟೆ) ಅಂದರೆ ಸಾಕಾ?

*

ಸಾಲದು. ಬಾಟಿಕ್ ಇಂಡೋನೇಷ್ಯಾದ ಜಾವಾ ದ್ವೀಪದ ಮಾತು. ಮೇಣದಚ್ಚು ಅನ್ನಿ, ಮುಗೀತು. ಅಚ್ಚಗನ್ನಡ ಪದ ಕೈಯಲ್ಲೇ ಇರುವಾಗ ಡಚ್ಚೂ ಬೇಡ, ವ್ಯಾಕ್ಸೂ ಬೇಡ. ಸುಮ್ನೆ ಎರವಲು ತರುವುದು ನಿಲ್ಲಲಿ.

*

ಅಚ್ಚಗನ್ನಡ ಅನ್ನುವ ಮೊದಲು ಮೇಣದ ಬೇರು ನೋಡಿ ಸ್ವಾಮಿ. ಸಂಸ್ಕೃತದ ಮದನ, ಪ್ರಾಕೃತದ ಮಯಣ, ಮರಾಠಿಯ ಮೇಣ. ಅದೂ ಎರವಲೇ. ನನಗೇನೂ ತಕರಾರಿಲ್ಲ, ನಾಲಿಗೆಗೆ ಒಗ್ಗಿದೆ.

ಆದರೆ ಡಚ್ ಅನ್ನುವುದನ್ನು ತೆಗೆಯಬೇಡಿ. ಅದು ಹೋದರೆ ಶೋನಿಬಾರೆ ಹೇಳುವ ಮಾತೇ ಹೋಗುತ್ತದೆ. ಜಾವಾದವರು ಕೈಯಲ್ಲಿ ಮಾಡುತ್ತಿದ್ದ ಬಾಟಿಕ್ಕನ್ನು ಡಚ್ಚರು 19ನೇ ಶತಮಾನದಲ್ಲಿ ಯಂತ್ರದಲ್ಲಿ ಅಚ್ಚು ಹಾಕಲು ಹೊರಟರು, ಆ ಬಟ್ಟೆ ಪಶ್ಚಿಮ ಆಫ್ರಿಕಾದ ಸಂತೆಗಳಿಗೆ ಹೋಯಿತು, ಅಲ್ಲಿಯ ಹೆಂಗಸರು ಅದಕ್ಕೆ ತಮ್ಮದೇ ಹೆಸರು, ಗಾದೆ ಕೊಟ್ಟು ಉಟ್ಟರು, ಈಗ ಜಗತ್ತೆಲ್ಲ ಅದನ್ನು ಆಫ್ರಿಕಾದ ಬಟ್ಟೆ ಅನ್ನುತ್ತದೆ. ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಶೋನಿಬಾರೆಯನ್ನು ‘ನೀನು ಅಸಲಿ ಆಫ್ರಿಕನ್ ಕಲೆ ಯಾಕೆ ಮಾಡಬಾರದು’ ಅಂತ ಕೇಳಿದ್ದರಂತೆ. ಶೋನಿಬಾರೆ ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿಗೆ ಹೋಗಿ ಈ ಬಟ್ಟೆ ಕೊಂಡರು. ಅಸಲಿ ಯಾವುದು ಅನ್ನುವ ಪ್ರಶ್ನೆ ಅದರ ನೇಯ್ಗೆಯಲ್ಲೇ ಇದೆ. ಅವರ 2003ರ ಕೃತಿ ‘ಸ್ಕ್ರ್ಯಾಂಬಲ್ ಫಾರ್ ಆಫ್ರಿಕಾ’ದಲ್ಲಿ ಇದೇ ಬಟ್ಟೆ ತೊಟ್ಟ 14 ಬೊಂಬೆಗಳು ಹಿಂದೆ ಯುರೋಪಿನ ದೇಶಗಳು ಮಾಡಿದಂತೆ ಮೇಜಿನ ಸುತ್ತ ಕೂತು ಆಫ್ರಿಕಾವನ್ನು ಹಂಚಿಕೊಳ್ಳುತ್ತಿವೆ, ಒಂದಕ್ಕೂ ತಲೆಯಿಲ್ಲ. 2010ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್ನನ ಹಡಗಿನ ಮಾದರಿಯನ್ನು ದೊಡ್ಡ ಬಾಟಲಿಯೊಳಗೆ ಇಟ್ಟರಲ್ಲ, ಅದರ 37 ಹಾಯಿಗಳೂ ಇಂಥದೇ ಬಟ್ಟೆ. ಬರೀ ‘ಮೇಣದಚ್ಚು’ ಅಂದರೆ ಇದರಲ್ಲಿ ಏನು ಉಳಿಯಿತು ಹೇಳಿ?

*

ಇಬ್ಬರೂ ಒಂದು ಬಿಟ್ಟಿರಿ. ಯಂತ್ರದಲ್ಲಿ ಬಟ್ಟೆಯ ಎರಡೂ ಮೈಗೆ ಹಚ್ಚುವುದು ರಾಳ, ಮೇಣವಲ್ಲ. ಅದು ಬಿರುಕು ಬಿಟ್ಟ ಕಡೆ ಬಣ್ಣ ಇಳಿದು ಸಣ್ಣ ಗೆರೆ ಮೂಡುತ್ತದೆ. ರಾಳದಚ್ಚು ಅನ್ನಿ.

*

ರಾಳದಚ್ಚು ಅಂದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ಡಚ್ ಇಟ್ಟುಕೊಳ್ಳಿ, ಆಗಲಿ. ಆದರೆ ಹೀಗೇ ಒಂದೊಂದಾಗಿ ಬಿಟ್ಟುಕೊಡುತ್ತ ಹೋದರೆ ನಾಳೆ ಬಟ್ಟೆಗೂ ಫ್ಯಾಬ್ರಿಕ್ ಅಂತೀರಿ. ನನ್ನ ಸಂಕಟ ಅದು.

*

‘ಡಚ್ ಮೇಣದಚ್ಚಿನ ಬಟ್ಟೆ’ ಅಂತ ಹಾಕಿದೆ. ಮೊದಲ ಸಲ ಬಂದಾಗ ರಾಳದ ವಿಷಯ ಒಂದು ಸಾಲಲ್ಲಿ ಹೇಳುತ್ತೇನೆ. ಎಲ್ಲರಿಗೂ ವಂದನೆ. ಇನ್ನೊಂದು ಉಳಿದಿದೆ: ಮೂಲ ಬರಹದಲ್ಲಿ ಶೋನಿಬಾರೆಯನ್ನು ‘ಡಯಾಸ್ಪೊರಾ ಕಲಾವಿದ’ (ಮೂಲ ನಾಡಿನಿಂದ ಹೊರಗೆ ಹರಡಿದ ಸಮುದಾಯದ ಕಲಾವಿದ) ಅಂದಿದ್ದಾರೆ. ಅನಿವಾಸಿ ಅನ್ನಲು ಮನಸ್ಸಿಲ್ಲ, ಅದು ಬ್ಯಾಂಕ್ ಖಾತೆಯ ಮಾತು. ವಲಸಿಗ ಅನ್ನೋಣ ಅಂದರೆ ಅವರು ಹುಟ್ಟಿದ್ದೇ ಲಂಡನ್ನಿನಲ್ಲಿ, ಅಲ್ವಾ?