ಸಹಾಯ ಬೇಕು: ನೈಟ್ ಲ್ಯಾಚ್ ಬಿದ್ದು ಹೊರಗೇ ಉಳಿದಿದ್ದೇವೆ, ಕುವೆಂಪುನಗರ, ಮೈಸೂರು

ಮುಂಬಾಗಿಲು ಗಾಳಿಗೆ ಹಾಕಿಕೊಂಡು ನೈಟ್ ಲ್ಯಾಚ್ (ಬಾಗಿಲು ಮುಚ್ಚಿದರೆ ತಾನೇ ಬೀಳುವ ಬೀಗ) ಬಿದ್ದಿದೆ. ಮೂರೂ ಬೀಗದ ಕೈ ಒಳಗೇ ಇವೆ. ಮೇಲಿನ ಚಿಲಕ ಹಾಕಿಲ್ಲ, ಲ್ಯಾಚ್ ಒಂದೇ. ಹಿಂಬಾಗಿಲಿಗೆ ಒಳಗಿನಿಂದ ಅಗುಳಿ, ಕಿಟಕಿಗಳಿಗೆಲ್ಲ ಸರಳು. ಗ್ಯಾಸ್ ಆರಿಸಿದೆ, ಹಾಗಾಗಿ 112 ಬೇಕಿಲ್ಲ.

ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಅನ್ನಬೇಡಿ. ಬಾಗಿಲು ಒಳಕ್ಕೆ ತೆರೆಯುತ್ತದೆ, ಚೌಕಟ್ಟಿನ ಅಂಚು ಅಡ್ಡ ಬಂದು ಕಾರ್ಡು ಲ್ಯಾಚಿನ ನಾಲಿಗೆವರೆಗೂ ಹೋಗದು. ಬಲವಾಗಿ ಒತ್ತಿದರೆ ಮುರಿದು ಸಂದಿಯಲ್ಲೇ ಉಳಿಯುತ್ತದೆ.

ಈಗಲೇ ಬರಬಲ್ಲ ಬೀಗ ರಿಪೇರಿಯವರ ನಂಬರ್ ಕೊಡಿ. ಪಿಕ್ ಮಾಡಿ, ಅಂದರೆ ಬೀಗ ಒಡೆಯದೆ ಸಣ್ಣ ಕಡ್ಡಿಗಳಿಂದ, ತೆಗೆಯುವವರಾದರೆ ಒಳ್ಳೆಯದು. ಡ್ರಿಲ್ ಮಾಡಿದರೆ ಬೀಗದ ಸಿಲಿಂಡರ್ (ಬೀಗದ ಕೈ ತೂರಿಸುವ ಭಾಗ) ಬದಲಾಯಿಸಬೇಕಾಗುತ್ತದೆ, ಅದಕ್ಕೂ ಒಪ್ಪಿಗೆ. ಮೀಟುವುದು ಮಾತ್ರ ಬೇಡ, ಚೌಕಟ್ಟು ಸೀಳುತ್ತದೆ. ಇದು ನಮ್ಮದೇ ಮನೆ ಅನ್ನುವುದಕ್ಕೆ ಪಕ್ಕದ ಮನೆಯವರು ಇದ್ದಾರೆ.

72 ವರ್ಷದ ಅಮ್ಮ ಈ ಮಾರ್ಗಶಿರದ ಚಳಿಯಲ್ಲಿ ಜಗಲಿ ಮೇಲೆ ಕೂತಿದ್ದಾರೆ, ಸ್ವೆಟರೂ ಒಳಗೇ. ಹತ್ತಿರದವರು ಯಾರಾದರೂ ಒಂದು ಶಾಲು ತಂದುಕೊಡಿ, ದೊಡ್ಡ ಉಪಕಾರ.