ಅಜ್ಜಿ ತುಳಿಯದೆ ದಾಟಿದ ಉಂಗುರಗಳು

ಕೂಸೇ, ನಿನ್ನೆ ರಾತ್ರಿ ನೀನು ಮನೆಯವರ ಗುಂಪಿಗೆ ಹಾಕಿದ್ದನ್ನು ಈಗ ಬೆಳಗ್ಗೆ ಕಾಫಿ ಕುಡಿಯುವಾಗ ನೋಡಿದೆ. ಒಂಬತ್ತು ದಿನದಿಂದ ಬಿಡದ ಮಳೆ, ಕಲೆಕ್ಟರು ಕೊಟ್ಟ ರಜೆ, ಮನೆಯೊಳಗೆ ಫೋಟೋ ತೆಗೆಯುವಂಥದ್ದು ಏನೂ ಇಲ್ಲ, ತಲೆಗೂ ಏನೂ ಹೊಳೆಯುತ್ತಿಲ್ಲ, ಕ್ಯಾಮೆರಾ ಬೀರು ಸೇರಿ ವಾರವಾಯಿತು ಎಂದು ಬರೆದಿದ್ದೀಯ. ಟೈಪು ಮಾಡಿ ಕೂರುವ ತಾಳ್ಮೆ ನನಗಿಲ್ಲ, ಮಾತಾಡಿಯೇ ಕಳಿಸುತ್ತೇನೆ. ಉದ್ದವಾಗುತ್ತದೆ. ಗುಂಪಿನಲ್ಲಿರುವ ಭಾವನಿಗೆ ಪುರುಸೊತ್ತಿಲ್ಲದಿದ್ದರೆ ಮುಂದಕ್ಕೆ ಓಡಿಸಲಿ.

ಮೊದಲು ಆ ಕ್ಯಾಮೆರಾವನ್ನು ಬೀರುವಿನಿಂದ ಹೊರಗೆ ತೆಗೆ. ನನ್ನ ಮಾತು ಮುಗಿಯುವ ತನಕ ಕಾಯಬೇಡ. ಚರ್ಮದ ಚೀಲ, ಮುಚ್ಚಿದ ಬೀರು, ಆಟಿ ತಿಂಗಳ ಮಳೆಯ ತೇವ. ಲೆನ್ಸಿಗೆ ಬೂಷ್ಟು ಹಿಡಿಯಲು ಇನ್ನೇನು ಬೇಕು? ಸ್ಟುಡಿಯೋ ಇಟ್ಟಿದ್ದ ಕಾಲದಲ್ಲಿ ನಾನೊಂದು ಲೆನ್ಸನ್ನು ಹಾಗೆ ಮರೆತು, ದೀಪಾವಳಿಗೆ ತೆಗೆದು ನೋಡಿದರೆ ಗಾಜಿನ ಒಳಮೈಯಲ್ಲಿ ಜೇಡನ ಬಲೆಯಂತೆ ಎಳೆ ಎಳೆಯಾಗಿ ಹರಡಿತ್ತು. ಒಳಗಿನದು, ಒರೆಸಿದರೆ ಹೋಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡು. ಅತ್ತಿಗೆಯ ಹಪ್ಪಳದ ಡಬ್ಬಿ ಖಾಲಿ ಇದ್ದರೆ ಅದೇ ಸಾಕು. ಅಕ್ಕಿಯಲ್ಲಿ ಮಾತ್ರ ಹೂಳಬೇಡ, ಹುಡಿಯೆಲ್ಲ ಸಂದಿಗೆ ಹೋಗುತ್ತದೆ.

ಇನ್ನು ಮನೆಯೊಳಗೆ ಏನೂ ಇಲ್ಲ ಎಂಬ ಮಾತು. ನಾನು ಹುಟ್ಟಿ ಬೆಳೆದ ಮನೆಯ ಬಗ್ಗೆ ನನಗೇ ಹೇಳುತ್ತೀಯಲ್ಲ! ನೀನು ಕಪಾಟು ಕಪಾಟು ತಡಕಿ ಸಾಮಾನು ಹುಡುಕಿರುತ್ತೀಯ. ಸಾಮಾನು ಯಾವುದಾದರೂ ನಡೆಯುತ್ತದೆ. ಬೆಳಕು ನೆಟ್ಟಗೆ ಬೀಳುವ ಜಾಗ ಆ ಮನೆಯಲ್ಲಿ ಐದೇ. ಚಾವಡಿಯ ದಳಿ ಎಂಬ ಮರದ ಜಾಲರಿ, ಅಜ್ಜಿಯ ಕೋಣೆಯ ತೆಂಕು ಕಿಟಕಿ, ಅಡುಗೆಮನೆಯ ಗಾಜಿನ ಹಂಚು, ಅಟ್ಟದ ಏಣಿಯ ಬುಡ, ಬಚ್ಚಲೊಲೆಯ ಹತ್ತಿರದ ಬಾಗಿಲು. ಬೇಕಾದರೆ ಎಣಿಸಿ ನೋಡು.

ಆ ಚಾವಡಿಯಲ್ಲಿ ನಾನು ತೆಗೆದ ಒಂದು ಫೋಟೋದ ಕಥೆ ನಿನಗೆ ಗೊತ್ತಿಲ್ಲ. 2019ರ ಡಿಸೆಂಬರ್ 26, ಕಂಕಣ ಗ್ರಹಣ, ಚಂದ್ರ ನಡುವನ್ನು ಮುಚ್ಚಿ ಸೂರ್ಯನ ಅಂಚು ಮಾತ್ರ ಬಳೆಯ ಹಾಗೆ ಉಳಿಯುವಂಥದ್ದು. ನಮ್ಮ ಕಾಸರಗೋಡಿನ ಮೇಲೆಯೇ ಹಾದು ಹೋಯಿತು. ನಿನ್ನಪ್ಪ ನಿನ್ನನ್ನು ಕಟ್ಟಿಕೊಂಡು ಊರವರೆಲ್ಲರ ಹಾಗೆ ಗ್ರಹಣ ನೋಡಲು ಚೆರುವತ್ತೂರಿಗೆ ಹೋಗಿದ್ದ. ಅಜ್ಜಿ ಒಬ್ಬರೇ ಆಗುತ್ತಾರೆಂದು ನಾನು ಮನೆಯಲ್ಲಿ ಉಳಿದೆ. ಗ್ರಹಣವಲ್ಲವೇ, ಅಜ್ಜಿ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ದಳಿಗೆ ಕಂಬಳಿ ಕಟ್ಟಿಸಿದ್ದರು. ಒಳಗೆ ಕತ್ತಲೆ. ಹಂಚಿನ ಸಂದಿನಿಂದ ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆಗಳು ಮಾತ್ರ.

ಆ ಬಿಲ್ಲೆಗಳನ್ನು ನೀನು ದಿನಾ ನೋಡಿದ್ದೀಯ. ತೂತು ಮೂರು ಮೂಲೆಯದಾದರೂ ಬಿಲ್ಲೆ ಮಾತ್ರ ಉರುಟು. ಯಾಕೆ ಹೇಳು? ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಹತ್ತು ಅಡಿ ಮೇಲಿನ ಸಣ್ಣ ತೂತಿನಿಂದ ನೆಟ್ಟಗೆ ಬಿದ್ದರೆ ಒಂದು ಇಂಚಿಗಿಂತ ತುಸು ದೊಡ್ಡ ಸೂರ್ಯ. ಇಡೀ ಮನೆಯೇ ಕ್ಯಾಮೆರಾ, ನಾವು ಅದರ ಹೊಟ್ಟೆಯೊಳಗೆ ಊಟ ಮಾಡಿ ಮಲಗುವವರು. ಆ ದಿನ ಬಿಲ್ಲೆಗಳು ಒಂದು ಕಡೆಯಿಂದ ಸವೆಯುತ್ತಾ ಬಂದು ಕುಡುಗೋಲಿನ ಹಾಗಾದವು. ಒಂಬತ್ತೂವರೆಯ ಹೊತ್ತಿಗೆ ಒಮ್ಮೆಗೇ ಎಲ್ಲವೂ ಉಂಗುರ. ಕಾವಿ ನೆಲದ ಮೇಲೆ ಹದಿನೇಳು ಉಂಗುರ ಎಣಿಸಿದೆ. ಮೂರು ನಿಮಿಷವೂ ಇರಲಿಲ್ಲವೇನೋ. ಅಷ್ಟರಲ್ಲಿ ಅಜ್ಜಿ ಹಾಲಿನ ಪಾತ್ರೆಗೆ ದರ್ಭೆ ಹಾಕಲು ಚಾವಡಿ ದಾಟಿ ಬಂದರು. ನೆಲ ನೋಡಿದವರು ಇಟ್ಟ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಸೀರೆಯ ನೆರಿಗೆ ಹಿಡಿದು, ಒಂದು ಉಂಗುರವನ್ನೂ ತುಳಿಯದೆ, ರಂಗೋಲಿ ದಾಟುವವರ ಹಾಗೆ ದಾಟಿದರು. ಕ್ಯಾಮೆರಾದ ಶಟರನ್ನು ಕಾಲು ಸೆಕೆಂಡು ತೆರೆದಿಟ್ಟು ತೆಗೆದದ್ದು, ಪಾದ ಅಲುಗಿದೆ, ಉಂಗುರ ಸ್ಥಿರವಾಗಿದೆ. ಮದುವೆ, ಉಪನಯನ, ಪಾಸ್‌ಪೋರ್ಟ್ ಫೋಟೋ ಎಂದು ಮೂವತ್ತು ವರ್ಷ ದುಡಿದವನು, ನನ್ನದೆಂದು ಇಟ್ಟುಕೊಂಡದ್ದು ಅದೊಂದನ್ನೇ.

ಗ್ರಹಣ ದಿನಾ ಬರುವುದಿಲ್ಲ, ಸರಿ. ಆದರೆ ಮಳೆ ಎರಡು ಗಂಟೆ ಬಿಟ್ಟು ಬಿಸಿಲು ಬಂದರೆ ಅಟ್ಟದ ಕೋಣೆಯ ಕಿಟಕಿಗೆ ಅಡಿಕೆ ಮುಚ್ಚುವ ಕಪ್ಪು ಟಾರ್ಪಾಲು ಕಟ್ಟು. ನಡುವಿನಲ್ಲಿ ಹತ್ತು ಪೈಸೆಗಿಂತ ಚಿಕ್ಕದೊಂದು ತೂತು. ಎದುರಿನ ಸುಣ್ಣದ ಗೋಡೆಯ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ತೋಟವೇ ತಲೆಕೆಳಗಾಗಿ ಗೋಡೆಗೆ ಬರುತ್ತದೆ, ಅಡಿಕೆ ಮರದ ತಲೆ ನೆಲಕ್ಕೆ, ಮೋಡ ಕೆಳಗೆ. ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ಶಟರನ್ನು ಮೂವತ್ತು ಸೆಕೆಂಡು ತೆರೆದಿಡು. ಮೋಡ ಕವಿದಾಗ ಈ ಸಾಹಸ ಬೇಡ, ಏನೂ ಕಾಣಿಸುವುದಿಲ್ಲ.

ಮೋಡದ ದಿನಕ್ಕೆ ಅಜ್ಜಿಯ ಕೋಣೆ. ಪುಸ್ತಕಗಳು ಬಡಗು ಕಿಟಕಿಯ ಬೆಳಕೇ ಒಳ್ಳೆಯದು, ಅಲ್ಲಿ ನೇರ ಬಿಸಿಲು ಬರುವುದಿಲ್ಲ ಎನ್ನುತ್ತವೆ. ಬರೆದವರು ಯುರೋಪಿನವರು. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಬಡಗಿಗೆ ವಾಲಿರುತ್ತಾನೆ. ಮೋಡ ಹರಿದ ಕೂಡಲೇ ಬಡಗು ಕಿಟಕಿಯಲ್ಲಿ ಬಿಸಿಲು ಚುರುಕ್ಕೆನ್ನುತ್ತದೆ, ತೆಂಕು ಕಿಟಕಿ ತಣ್ಣಗಿರುತ್ತದೆ. ನಾನಿದನ್ನು ಓದಿ ಕಲಿತದ್ದಲ್ಲ, ವಧುವಿನ ಫೋಟೋ ಹಾಳು ಮಾಡಿ ಬೈಸಿಕೊಂಡು ಕಲಿತದ್ದು.

ಅಲ್ಲಿ ಟ್ಯೂಬ್‌ಲೈಟು ಆರಿಸು. ಎರಡು ಬಣ್ಣದ ಬೆಳಕು ಸೇರಿದರೆ ಮುಖ ಕಾಮಾಲೆ ಹಿಡಿದ ಹಾಗಿರುತ್ತದೆ. ಅಜ್ಜಿಯ ತಾಂಬೂಲದ ಹರಿವಾಣವನ್ನು ಕಿಟಕಿಯ ಪಕ್ಕಕ್ಕೆ ತಾ, ಬೆಳಕು ಬದಿಯಿಂದ ಬರಲಿ. ನೆರಳು ಕಡಿಮೆಯಾಗಬೇಕೆಂದರೆ ಆಚೆ ಬದಿಗೆ ನಿನ್ನಪ್ಪನ ಬಿಳಿ ಪಂಚೆ ಹಿಡಿ, ಇನ್ನೂ ಗಾಢವಾಗಬೇಕೆಂದರೆ ಕಪ್ಪು ಕೊಡೆ ಬಿಚ್ಚಿಡು. ಬೆಳಕಿನ ಅಳತೆಯಾದ ಎಕ್ಸ್‌ಪೋಷರನ್ನು ಮೈನಸ್ ಒಂದಕ್ಕೆ ಇಳಿಸು, ಇಲ್ಲದಿದ್ದರೆ ಕ್ಯಾಮೆರಾ ಕತ್ತಲೆ ಕಂಡರೆ ಸುಣ್ಣ ಬಳಿಯಲು ಹೊರಡುತ್ತದೆ. ಅಜ್ಜಿ ಅಡಿಕೆ ಕತ್ತರಿಸುವ ಕೈ ಮಾತ್ರ ಸಾಕು, ಮುಖ ಬೇಡ. ಅವರ ಹೆಬ್ಬೆರಳಿನ ಉಗುರಿನ ಪಕ್ಕ ಸುಣ್ಣ ಕೊರೆದ ಬಿಳಿ ಗೆರೆಯೊಂದಿದೆ, ನೋಡಿದ್ದೀಯಾ?

ಕಿಟಕಿ ಒಂದೇ ಎಂದು ಮೂಗು ಮುರಿಯಬೇಡ. ಪ್ರಾಗ್‌ನಲ್ಲಿ ಯೋಸೆಫ್ ಸುಡೆಕ್ ಎಂಬ ಫೋಟೋಗ್ರಾಫರ್ ಇದ್ದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಹೋಯಿತು. ಎರಡನೆಯ ಯುದ್ಧದ ಕಾಲದಲ್ಲಿ, 1940ರಲ್ಲಿ, ತನ್ನ ಸ್ಟುಡಿಯೋದ ಕಿಟಕಿಯ ಫೋಟೋ ತೆಗೆಯಲು ಸುರು ಮಾಡಿದವರು ವರ್ಷಗಟ್ಟಲೆ ಅದನ್ನೇ ತೆಗೆದರು. ಮಂಜು ಕಟ್ಟಿದ ಗಾಜು, ಇಳಿಯುವ ನೀರು, ಆಚೆಗೊಂದು ಸೊಟ್ಟ ಮರ. ನಿನ್ನದು ಒಂಬತ್ತು ದಿನ!

ಸಾಮಾನೇ ಬೇಕೆಂದು ಹಟವಿದ್ದರೆ ಹಲಸಿನ ಬೇಳೆ ತೆಗೆದುಕೋ. 1930ರಲ್ಲಿ ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ ಒಂದು ದೊಣ್ಣೆಮೆಣಸನ್ನು ತಗಡಿನ ಆಲಿಕೆಯೊಳಗೆ ಕೂರಿಸಿ ಫೋಟೋ ತೆಗೆದರು. ಆಲಿಕೆಯ ಬಾಗಿದ ಒಳಮೈ ಬೆಳಕನ್ನು ಸುತ್ತಲಿನಿಂದ ವಾಪಸು ಚೆಲ್ಲಿ, ಮೆಣಸು ಬೆನ್ನು ಬಾಗಿಸಿ ಕೂತ ಪೈಲ್ವಾನನ ಹಾಗೆ ಕಾಣುತ್ತದೆ. ಸೀಮೆಎಣ್ಣೆಯ ಹಳೆಯ ಆಲಿಕೆ ಬಚ್ಚಲಿನ ಮೊಳೆಯಲ್ಲಿ ಇನ್ನೂ ನೇತಾಡುತ್ತಿರಬೇಕು, ತೊಳೆದುಕೋ.

ಕಿಟಕಿಯ ಗಾಜಿನ ಹನಿಯನ್ನೂ ನೋಡು. ಒಂದೊಂದು ಹನಿಯೊಳಗೂ ತೋಟ ತಲೆಕೆಳಗಾಗಿರುತ್ತದೆ, ಫೋಕಸ್ಸನ್ನು ಹನಿಯ ಮೇಲಿಡದೆ ಒಳಗಿನ ತೋಟದ ಮೇಲಿಡಬೇಕು. ಹನಿ ಬೇಗ ಜಾರಿದರೆ ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿ ಚಿಮುಕಿಸು. ನೀರಿನ ಮೇಲೆ ಎಣ್ಣೆ ತೇಲಿಸಿ ಬಣ್ಣದ ವೃತ್ತ ತೆಗೆಯುವುದನ್ನು ಎಲ್ಲರೂ ಮಾಡಿಯಾಗಿದೆ, ನನಗೆ ನೋಡಿ ನೋಡಿ ಸಾಕಾಗಿದೆ.

ಇವತ್ತು ಐದು ಜಾಗ ಸುತ್ತಬೇಡ. ಒಂದೇ ಹರಿವಾಣ, ಒಂದೇ ಕಿಟಕಿ, ಬೆಳಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಐದು. ಇಪ್ಪತ್ತು ಕಳಿಸಿದರೆ ನಾನು ತೆರೆಯುವುದಿಲ್ಲ, ಒಂದು ಆರಿಸಿ ಕಳಿಸು. ಕೈಯ ಫೋಟೋ ತೆಗೆಯುವ ಮೊದಲು ಅಜ್ಜಿಯನ್ನು ಕೇಳು, ಗ್ರಹಣದ ದಿನ ನಾನು ಕೇಳದೆ ತೆಗೆದದ್ದಕ್ಕೆ ಸಂಜೆಯ ತನಕ ನನ್ನ ಹತ್ತಿರ ಮಾತಾಡಿರಲಿಲ್ಲ.

ಅತ್ತಿಗೆ, ನೀವೂ ಕೇಳುತ್ತಿದ್ದರೆ, ಹಪ್ಪಳದ ಡಬ್ಬಿಯ ವಿಷಯ ನಾನು ಹೇಳಿದ್ದು. ಕೂಸಿಗೆ ಬಯ್ಯಬೇಡಿ.