ಮೆಸೇಜ್ ನೋಡಿ ಸುಮ್ಮನಾಗುವ ಮಾಡೆಲ್‌ಗಳು: ಎಷ್ಟು ಕಾಯಬೇಕು?

ಕಿಟಕಿಬೆಳಕು (ಫೋಟೋಗ್ರಾಫರ್) ಕೇಳಿದ್ದು:

ಪೋರ್ಟ್ರೇಟ್ ಮತ್ತು ಫ್ಯಾಷನ್ ತೆಗೆಯುತ್ತೇನೆ. ಹವ್ಯಾಸ ಅಲ್ಲ, ಇದೇ ಹೊಟ್ಟೆಪಾಡು. ಈ ಕೆಲಸದಲ್ಲಿ ಲೈಟಿಂಗ್, ಎಡಿಟಿಂಗ್ ಯಾವುದೂ ಕಷ್ಟ ಅನಿಸಿಲ್ಲ. ಮಾಡೆಲ್‌ಗಳ ಉತ್ತರಕ್ಕೆ ಕಾಯುವುದಿದೆಯಲ್ಲ, ಅದು ಸಾಕುಸಾಕಾಗಿ ಹೋಗಿದೆ.

ಹೋದ ವಾರದ್ದೇ ಹೇಳುತ್ತೇನೆ. ಒಬ್ಬ ಮಾಡೆಲ್‌ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಹಾಕಿದೆ. ಇಂಟರೆಸ್ಟ್ ಇದೆ ಅಂದರು, ವಾಟ್ಸಾಪ್ ನಂಬರ್ ಅವರೇ ಕೊಟ್ಟರು. ಶೂಟ್ ಹೇಗಿರಬೇಕು ಅಂತ ತೋರಿಸುವ ಚಿತ್ರಗಳ ಮೂಡ್‌ಬೋರ್ಡ್ ಕಳಿಸಿದೆ: ಮಳೆ ನಿಂತ ಮೇಲಿನ ಮಬ್ಬು ಬೆಳಕು, ಉದ್ದ ಕೋಟು, ಖಾಲಿ ಮೆಟ್ಟಿಲು. 'ಸೂಪರ್' ಅಂತ ಬಂತು, ಜೊತೆಗೆ ಬೆಂಕಿ ಇಮೋಜಿ. ಭಾನುವಾರ ಬೆಳಗ್ಗೆ ಆಗುತ್ತಾ ಅಂತ ಕೇಳಿದೆ. ನೀಲಿ ಟಿಕ್ ಬಿತ್ತು. ಆಮೇಲೆ ಸದ್ದೇ ಇಲ್ಲ.

ಇತ್ತ ಮೇಕಪ್‌ನವರು ಆ ದಿನ ಖಾಲಿ ಇಟ್ಟುಕೊಂಡು ನನ್ನನ್ನು ಕೇಳುತ್ತಿದ್ದಾರೆ. 85 ಎಂಎಂ ಲೆನ್ಸ್ ಬಾಡಿಗೆಗೆ ಹೇಳಬೇಕಾ ಬೇಡವಾ ಗೊತ್ತಾಗುತ್ತಿಲ್ಲ. ಆ ಕಡೆ ಅವರ ಸ್ಟೋರಿಗಳು ಮಾತ್ರ ಒಂದರ ಹಿಂದೆ ಒಂದು ಬರುತ್ತಲೇ ಇವೆ. ಅಂದರೆ ಫೋನ್ ಕೈಯಲ್ಲೇ ಇದೆ ಅಂತಾಯ್ತು, ಅಲ್ವಾ?

'ಆಗಲ್ಲ' ಅಂತ ಟೈಪ್ ಮಾಡಲು ಎಷ್ಟು ಹೊತ್ತು ಬೇಕು? ಇಲ್ಲ ಅಂದರೆ ನನಗೆ ಬೇಜಾರಿಲ್ಲ, ಬೇರೆಯವರನ್ನು ಕೇಳುತ್ತೇನೆ. ಹೌದೂ ಇಲ್ಲ, ಇಲ್ಲವೂ ಇಲ್ಲ ಅಂದರೆ ಏನು ಮಾಡುವುದು? ನೆನಪಿಸುವ ಮೆಸೇಜ್ ಎಷ್ಟು ಸಲ ಹಾಕಬಹುದು? ಫೋನ್ ಮಾಡಿದರೆ ಅತಿ ಆಗುತ್ತಾ? ಹೀಗೆ ಮಾಡುವವರ ಹೆಸರನ್ನು ಫೋಟೋಗ್ರಾಫರ್‌ಗಳ ಗ್ರೂಪ್‌ನಲ್ಲಿ ಹಂಚಿಕೊಳ್ಳೋಣ ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ಅದೂ ಸರಿಯಾ?

ಹಳೇರೋಲ್ (ಫೋಟೋಗ್ರಾಫರ್):

ಒಂದು ಸಲ ನೆನಪಿಸಿ, ಉತ್ತರ ಬರದಿದ್ದರೆ ಮುಂದೆ ಹೋಗಿ. ತಲೆ ಕೆಡಿಸಿಕೊಳ್ಳಬೇಡಿ. ಹೆಸರು ಹಂಚುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಇವತ್ತು ನೀವು ಅವರ ಹೆಸರು ಬರೆದರೆ ನಾಳೆ ಮಾಡೆಲ್‌ಗಳ ಗ್ರೂಪ್‌ನಲ್ಲಿ ನಿಮ್ಮ ಹೆಸರು ಇರುತ್ತದೆ. ಅಂಥ ಗ್ರೂಪ್‌ಗಳು ಇವೆ, ನಮ್ಮವಕ್ಕಿಂತ ಚುರುಕಾಗಿವೆ.

ಎಡಗಡೆಪ್ರೊಫೈಲ್ (ಮಾಡೆಲ್):

ನಾನು ಆ ಕಡೆಯವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಮ್ಮ ಇನ್‌ಬಾಕ್ಸ್ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ನಾವು ಫಾಲೋ ಮಾಡದವರ ಮೆಸೇಜ್ ಸಾಮಾನ್ಯವಾಗಿ ರಿಕ್ವೆಸ್ಟ್ ಫೋಲ್ಡರ್‌ಗೆ ಬೀಳುತ್ತದೆ. ಅಲ್ಲಿ ಏನಿರುತ್ತದೆ ಗೊತ್ತಾ? 'ಹಾಯ್ ಡಿಯರ್'. 'ಕೊಲಾಬ್?' 'ಫ್ರೀ ಇದ್ದೀರಾ?' ಒಂದು ಹೃದಯ, ಮತ್ತೇನೂ ಇಲ್ಲ. ಇವುಗಳ ನಡುವೆ ಎಲ್ಲೋ ನಿಜವಾದ ಕೆಲಸದ ಮೆಸೇಜ್ ಒಂದು ಸಿಕ್ಕಿಕೊಂಡಿರುತ್ತದೆ. ಅದನ್ನು ಹುಡುಕುವುದೇ ಒಂದು ಕೆಲಸ, ಅದಕ್ಕೆ ಯಾರೂ ದುಡ್ಡು ಕೊಡಲ್ಲ.

ಇನ್ನು 'ಆಗಲ್ಲ ಅಂದರೆ ಸಾಕಲ್ಲ' ಅನ್ನುವ ಮಾತು. ನಿಮಗೆ ಸಾಕಿರಬಹುದು. ಎಲ್ಲರಿಗೂ ಸಾಕಾಗಲ್ಲ. 'ಇಲ್ಲ, ಥ್ಯಾಂಕ್ಸ್' ಅಂತ ಬರೆದ ತಕ್ಷಣ 'ಯಾಕೆ?' ಬರುತ್ತದೆ. ಕಾರಣ ಹೇಳಿದರೆ ಚೌಕಾಸಿ ಶುರು. ಬಟ್ಟೆ ಬದಲಾಯಿಸೋಣ, ಬೇರೆ ದಿನ ಇಟ್ಟುಕೊಳ್ಳೋಣ, ಒಂದೇ ಗಂಟೆ ಸಾಕು. ಮತ್ತೆ ಇಲ್ಲ ಅಂದರೆ, 'ನೀನೇನು ದೊಡ್ಡ ಮಾಡೆಲ್ಲಾ' ಅಂತ ಮುಗಿಯುತ್ತದೆ. ಹೊಸದಾಗಿ ಬಂದ ಹುಡುಗ ಹುಡುಗಿಯರು ಇದನ್ನು ಕೆಲವು ಸಲ ಅನುಭವಿಸಿದ ಮೇಲೆ ಸುಮ್ಮನಿರುವುದನ್ನೇ ಕಲಿಯುತ್ತಾರೆ. ಸಭ್ಯರಿಗೂ ಅದೇ ಮೌನ ಸಿಗುತ್ತದೆ. ಅನ್ಯಾಯವೇ, ಆದರೆ ಬಂದದ್ದು ಅಲ್ಲಿಂದ.

ಹಾಗಾಗಿ ಪರಿಚಯವೇ ಇಲ್ಲದವರ ಮೊದಲ ಮೆಸೇಜ್‌ಗೆ ಉತ್ತರ ಬರಲಿಲ್ಲ ಅಂದರೆ ಅದು ಅಗೌರವ ಅಂತ ನಾನು ಒಪ್ಪಲ್ಲ. ನೀವು ಕೇಳಿದಿರಿ, ಅವರು ಇನ್ನೂ ಏನನ್ನೂ ಒಪ್ಪಿಲ್ಲ. ಆದರೆ ನಿಮ್ಮ ಕಥೆ ಬೇರೆ. ಇಂಟರೆಸ್ಟ್ ಇದೆ ಅಂದವರು, ನಂಬರ್ ಕೊಟ್ಟವರು, ಮೂಡ್‌ಬೋರ್ಡ್ ಮೆಚ್ಚಿದವರು ದಿನ ಕೇಳಿದಾಗ ಮಾಯವಾದರೆ ಅದು ಖಂಡಿತ ಸರಿಯಲ್ಲ. ಅಲ್ಲಿಂದ ಮುಂದೆ ಬೇರೆಯವರ ದಿನವೂ ಅದಕ್ಕೆ ಕಟ್ಟಿಕೊಂಡಿರುತ್ತದೆ. ದಿನ ಗೊತ್ತಾದ ಮೇಲೆ ಸುಮ್ಮನಾಗುವುದಂತೂ ಇನ್ನೂ ಕೆಟ್ಟದ್ದು. ಅದಕ್ಕೆ ನಮ್ಮವರ ಪರ ನಾನು ನಿಲ್ಲಲ್ಲ.

ಸ್ಟೋರಿ ಲೆಕ್ಕ ಮಾತ್ರ ಬಿಡಿ. ಎಷ್ಟೋ ಸ್ಟೋರಿಗಳು ಕೆಲಸದ್ದೇ, ಬ್ರ್ಯಾಂಡ್‌ನವರು ಹೇಳಿದ ಹೊತ್ತಿಗೆ ಹಾಕಲೇಬೇಕು. ನೀಲಿ ಟಿಕ್ ಕೂಡ ಹಾಗೆಯೇ. ಮೇಕಪ್ ಕುರ್ಚಿಯಲ್ಲಿ ಕೂತು ಮೆಸೇಜ್ ತೆರೆದಿರುತ್ತೇವೆ, ಅಷ್ಟರಲ್ಲಿ ಸೆಟ್‌ಗೆ ಕರೆಯುತ್ತಾರೆ.

ಈಗ ನಿಮ್ಮವರ ಕಡೆಗೆ ಬರೋಣ. ಟಿಎಫ್‌ಪಿ ಶೂಟ್ ಅಂದರೆ ನಾವು ಸಮಯ ಕೊಡುತ್ತೇವೆ, ನೀವು ಫೋಟೋ ಕೊಡುತ್ತೀರಿ. ದುಡ್ಡಿನ ಮಾತೇ ಇಲ್ಲ. ಅಂದಮೇಲೆ ಆ ಫೋಟೋಗಳೇ ನಮ್ಮ ಸಂಬಳ. ಶೂಟ್‌ಗೆ ಮುಂಚೆ ದಿನಕ್ಕೆ ಹತ್ತು ಮೆಸೇಜ್ ಹಾಕಿದವರು ಶೂಟ್ ಆದ ಮೇಲೆ 'ಫೋಟೋ ಯಾವಾಗ?' ಅಂದರೆ ಓದಿ ಸುಮ್ಮನಾಗುತ್ತಾರೆ. ಆಮೇಲೆ ಒಂದು ದಿನ ಅವರ ಪೇಜ್‌ನಲ್ಲಿ ನನ್ನ ಮುಖ ಕಾಣುತ್ತದೆ. ನನಗಿನ್ನೂ ಒಂದು ಫೈಲೂ ಬಂದಿಲ್ಲ. ಅದೂ ಉತ್ತರ ಕೊಡದಿರುವುದೇ, ಅಲ್ವಾ? ಅದರ ಬಗ್ಗೆ ಇಷ್ಟು ಸಿಟ್ಟಿನ ಪೋಸ್ಟ್ ಫೋಟೋಗ್ರಾಫರ್‌ಗಳಿಂದ ನಾನಂತೂ ನೋಡಿಲ್ಲ.

ಎಡಿಟಿಂಗ್‌ಗೆ ಟೈಮ್ ಬೇಕು, ಗೊತ್ತು. 'ಇನ್ನೂ ಮೂರು ವಾರ ಆಗುತ್ತೆ' ಅಂತ ಒಂದು ಸಾಲು ಹಾಕಿದರೆ ನಾನು ಮತ್ತೆ ಕೇಳಲ್ಲ.

ಕಿಟಕಿಬೆಳಕು:

ಫೋಟೋ ವಿಷಯ ಒಪ್ಪಿದೆ, ಅಂಥವರು ಇದ್ದಾರೆ. ನಾನು ಶೂಟ್ ದಿನವೇ ಎಷ್ಟು ಫೋಟೋ, ಯಾವಾಗ ಅಂತ ಬರೆದು ಕೊಡುತ್ತೇನೆ. ಆದರೆ ಕೆಟ್ಟವರು ಮೆಸೇಜ್ ಹಾಕುತ್ತಾರೆ ಅಂತ ಎಲ್ಲರಿಗೂ ಬಾಗಿಲು ಮುಚ್ಚುವುದು ವೃತ್ತಿಯವರ ಲಕ್ಷಣ ಅಂತ ನನಗೆ ಅನಿಸುತ್ತಿಲ್ಲ. ಮೊದಲ ಮೆಸೇಜ್ ಹೇಗಿದ್ದರೆ ನೀವು ಉತ್ತರ ಕೊಡುತ್ತೀರಿ? ಅದನ್ನಾದರೂ ಹೇಳಿ.

ಎಡಗಡೆಪ್ರೊಫೈಲ್:

ನಾನು ಉತ್ತರ ಕೊಡುವ ಮೆಸೇಜ್‌ಗಳಲ್ಲಿ ನಾನು ಕೇಳಬೇಕಾದ ಪ್ರಶ್ನೆಗಳೇ ಉಳಿದಿರಲ್ಲ. ಯಾವ ಥರದ ಶೂಟ್, ಯಾವ ದಿನ, ಎಲ್ಲಿ, ಎಷ್ಟು ಗಂಟೆ, ಬಟ್ಟೆ ಯಾರದ್ದು, ಜೊತೆಗೆ ಯಾರ್ಯಾರು ಇರುತ್ತಾರೆ, ದುಡ್ಡು ಎಷ್ಟು ಅಥವಾ ಟಿಎಫ್‌ಪಿಯಾ, ಫೋಟೋ ಎಲ್ಲಿ ಬಳಸುತ್ತೀರಿ. ಬರೀ ಪೋರ್ಟ್‌ಫೋಲಿಯೋಗೆ ಅನ್ನುವುದು ಬೇರೆ, ಜಾಹೀರಾತಿಗೆ ಅನ್ನುವುದು ಬೇರೆ. ಫೋಟೋ ಬಳಸಲು ಒಪ್ಪಿಗೆ ಕೊಡುವ ರಿಲೀಸ್ ಫಾರ್ಮ್‌ಗೆ ಸಹಿ ಬೇಕಿದ್ದರೆ ಮೊದಲೇ ಕಳಿಸಿ, ಸೆಟ್‌ನಲ್ಲಿ ಅವಸರದಲ್ಲಿ ಮುಂದೆ ಹಿಡಿಯಬೇಡಿ.

ಇನ್ನೊಂದು. ನಾನು ನಿಮ್ಮ ಜೊತೆ ಕೆಲಸ ಮಾಡಿದ ಒಬ್ಬಿಬ್ಬರು ಮಾಡೆಲ್‌ಗಳನ್ನು ವಿಚಾರಿಸದೆ ಹೂಂ ಅನ್ನಲ್ಲ. ಅವರು ಉತ್ತರಿಸುವವರೆಗೆ ನನ್ನ ಉತ್ತರವೂ ತಡ. ಮೊದಲ ಶೂಟ್‌ಗೆ ಜೊತೆಗೆ ಒಬ್ಬರನ್ನು ಕರೆತರುತ್ತೇನೆ. ಅದಕ್ಕೆ ಸಿಡುಕುವವರಿಗೆ ಮಾತ್ರ ನಾನು ಇವತ್ತಿಗೂ ಉತ್ತರ ಕೊಡಲ್ಲ.

ಬುಕಿಂಗ್‌ಮೇಜು (ಏಜೆನ್ಸಿಯಲ್ಲಿ ಕೆಲಸ):

ಯಾರೂ ಹೇಳದ ಒಂದು ಮಾತು. ಬಯೋದಲ್ಲಿ ಏಜೆನ್ಸಿ ಹೆಸರಿದ್ದರೆ ಮಾಡೆಲ್‌ಗೆ ನೇರವಾಗಿ ಮೆಸೇಜ್ ಹಾಕಬೇಡಿ. ಒಪ್ಪಂದದ ಪ್ರಕಾರ ಎಷ್ಟೋ ಜನ ತಾವೇ ಕೆಲಸ ಒಪ್ಪಿಕೊಳ್ಳುವ ಹಾಗಿಲ್ಲ. ಉತ್ತರಿಸಿದರೆ ನಮ್ಮ ಹತ್ತಿರ ಮಾತು ಕೇಳಬೇಕು, ಉತ್ತರಿಸದಿದ್ದರೆ ನಿಮ್ಮ ಹತ್ತಿರ. ನಮಗೆ ಮೇಲ್ ಹಾಕಿ.

ನಾವು ದಿನವನ್ನು ನೇರವಾಗಿ ಬುಕ್ ಮಾಡುವುದಕ್ಕೆ ಮುಂಚೆ 'ಆಪ್ಷನ್' ಹಾಕುತ್ತೇವೆ, ಅಂದರೆ ಪಕ್ಕಾ ಆಗುವವರೆಗೆ ಆ ದಿನವನ್ನು ಹಿಡಿದಿಡುತ್ತೇವೆ. ಮೊದಲು ಕೇಳಿದವರಿಗೆ ಫಸ್ಟ್ ಆಪ್ಷನ್, ಆಮೇಲೆ ಕೇಳಿದವರಿಗೆ ಸೆಕೆಂಡ್. ಎರಡನೆಯವರು ಪಕ್ಕಾ ಮಾಡುತ್ತೇವೆ ಅಂದರೆ ಮೊದಲನೆಯವರಿಗೆ ಫೋನ್ ಹೋಗುತ್ತದೆ: ಇಷ್ಟು ಹೊತ್ತಿನೊಳಗೆ ಕನ್ಫರ್ಮ್ ಮಾಡಿ ಅಥವಾ ಬಿಟ್ಟುಕೊಡಿ. ಏಜೆನ್ಸಿ ಇಲ್ಲದೆಯೂ ನೀವು ಇದನ್ನೇ ಮಾಡಬಹುದು. 'ಗುರುವಾರ ಸಂಜೆಯೊಳಗೆ ತಿಳಿಸಿ, ಇಲ್ಲದಿದ್ದರೆ ಬೇರೆಯವರನ್ನು ಕೇಳುತ್ತೇನೆ' ಅಂತ ಮೊದಲ ಮೆಸೇಜ್‌ನಲ್ಲೇ ಬರೆಯಿರಿ. ಆಗ ಮೌನಕ್ಕೂ ಒಂದು ಅರ್ಥ ಇರುತ್ತದೆ, ಯಾರ ಮೇಲೂ ಸಿಟ್ಟಾಗಬೇಕಿಲ್ಲ. ದಿನ ಗೊತ್ತಾಗಿದ್ದರೆ ಫೋನ್ ಮಾಡಿ, ಏನೂ ತಪ್ಪಿಲ್ಲ. ಗೊತ್ತಾಗಿಲ್ಲದಿದ್ದರೆ ಬೇಡ.

ಇದು ನಿಮಗೂ ಅನ್ವಯ. ಆಪ್ಷನ್ ಹಾಕಿ ಆಮೇಲೆ ಬೇಡ ಅಂತ ತಿಳಿಸದ ಫೋಟೋಗ್ರಾಫರ್‌ಗಳು ನಮ್ಮ ತಲೆನೋವು. ಆ ಮಾಡೆಲ್ ಅಷ್ಟರಲ್ಲಿ ಬೇರೆ ಕೆಲಸ ಬಿಟ್ಟಿರುತ್ತಾರೆ.

ಸ್ಪಂಜುಬ್ರಷ್ಷು (ಮೇಕಪ್):

ನೀವಿಬ್ಬರೂ ಸುಮ್ಮನಾದಾಗ ಹೋಗುವುದು ನನ್ನ ದಿನ. ಮಾಡೆಲ್ ಉತ್ತರ ಕೊಟ್ಟಿಲ್ಲ ಅಂತ ಫೋಟೋಗ್ರಾಫರ್ ನನಗೂ ಉತ್ತರ ಕೊಡಲ್ಲ. ನಾನು ಕಿಟ್ ತೊಳೆದಿಟ್ಟುಕೊಂಡು ಕೂತಿರುತ್ತೇನೆ. 'ಇನ್ನೂ ಗೊತ್ತಿಲ್ಲ' ಅನ್ನುವುದೂ ಒಂದು ಉತ್ತರವೇ ಸರ್, ದಯವಿಟ್ಟು ಅದನ್ನಾದರೂ ಹಾಕಿ.

ಕಿಟಕಿಬೆಳಕು:

ಮೇಕಪ್‌ನವರಿಗೆ ಈಗಷ್ಟೇ ಹಾಕಿದೆ. ಭಾನುವಾರ ಬಿಟ್ಟೆ. ಬೇರೊಬ್ಬರಿಗೆ ಕಳಿಸಲು ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

'ನಮಸ್ಕಾರ. ಮಳೆ ಬೆಳಕಿನಲ್ಲಿ ಕೋಟಿನ ಫ್ಯಾಷನ್ ಶೂಟ್ ಇದೆ, ನನ್ನ ಪೋರ್ಟ್‌ಫೋಲಿಯೋಗೆ ಮಾತ್ರ. ಮುಂದಿನ ಶನಿವಾರ ಬೆಳಗ್ಗೆ 7ರಿಂದ 10. ಜಾಗದ ಫೋಟೋ, ಮೂಡ್‌ಬೋರ್ಡ್ ಲಗತ್ತಿಸಿದ್ದೇನೆ. ಬಟ್ಟೆ ನನ್ನದು, ಮೇಕಪ್ ಆರ್ಟಿಸ್ಟ್ ಇರುತ್ತಾರೆ, ನೀವೂ ಒಬ್ಬರನ್ನು ಕರೆತರಬಹುದು. ಈ ಹಿಂದೆ ನನ್ನ ಜೊತೆ ಕೆಲಸ ಮಾಡಿದವರು ಪೇಜ್‌ನಲ್ಲಿ ಟ್ಯಾಗ್ ಆಗಿದ್ದಾರೆ, ವಿಚಾರಿಸಿ. ಪೇಮೆಂಟ್ ಇದೆ, ಮಾತಾಡೋಣ. ಬುಧವಾರ ರಾತ್ರಿಯೊಳಗೆ ತಿಳಿಸಿದರೆ ಸಾಕು, ಆಗಲ್ಲ ಅಂದರೆ ಕಾರಣ ಬೇಕಿಲ್ಲ.'

ಎಡಗಡೆಪ್ರೊಫೈಲ್:

ಚೆನ್ನಾಗಿದೆ. ಕೊನೆಯ ಮಾತಿಗೇ ಅರ್ಧ ಜನ ಉತ್ತರ ಕೊಡುತ್ತಾರೆ. ಆದರೆ ಲಗತ್ತು ಮೊದಲೇ ಬೇಡ, ರಿಕ್ವೆಸ್ಟ್ ಒಪ್ಪಿದ ಮೇಲೆ ಕಳಿಸಿ. 'ಪೇಮೆಂಟ್ ಇದೆ, ಮಾತಾಡೋಣ' ತೆಗೆದುಹಾಕಿ, ಎಷ್ಟು ಅಂತ ಬರೆಯಿರಿ.